ಹೊಟ್ಟೆನೋವೆಂದು ಬಂದ ಹುಡುಗ

ಕಲಬುರಗಿ ಸೀಮೆಯ ಸರ್ಕಾರಿ ಆಸ್ಪತ್ರೆಯೊಂದರ ಸರ್ಜರಿ ಓಪಿಡಿ ಇದು. ಗಾಯ, ಗಂಟು, ಕುರು ಆದವರು ಬೆಂಚಿನ ಮೇಲೆ ಪಕ್ಕದವರಿಗೆ ತಮ್ಮ ತೊಂದರೆ ಹೇಳಿಕೊಳ್ಳುತ್ತಿದ್ದಾರೆ. ಧೋತರದ ನೆರಿಗೆ ಮುಂದಕ್ಕೆಳೆದು ಮೂಲೆಯಲ್ಲಿ ಕೂತ ಕೆಲವು ಗಂಡಸರು ಮಾತ್ರ ಬಾಯಿ ಬಿಡುವುದಿಲ್ಲ. ಅವರ ಒಪ್ಪಿಗೆ ಪಡೆದು ನಾನು ಪರದೆಯ ಈಚೆ ನಿಂತೆ.

“ಎಷ್ಟ್ ದಿನಾ ಆತ್ರಿ?”

“ಆರೇಳ್ ವರ್ಷ ಆತ್ರಿ ಸಾಹೇಬ್ರ. ಬ್ಯಾನಿ ಇಲ್ಲ, ನಡೀಲಾಕ ಭಾರ ಆಗ್ತದ.”

ವೈದ್ಯರು ದೀಪ ಆರಿಸಿ, ಬೀಜದ (ವೃಷಣದ) ಚೀಲದ ಬಾವಿಗೆ ಟಾರ್ಚ್ ಒತ್ತಿ ಹಿಡಿದರು. ಒಳಗೆಲ್ಲ ಕೆಂಪಗೆ ಬೆಳಗಿತಂತೆ. ಒಳಗಿರುವುದು ನೀರು, ಅಂದರೆ ಹೈಡ್ರೋಸಿಲ್. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಇದಕ್ಕೂ ಆನೆಕಾಲು ರೋಗಕ್ಕೂ ಹಳೆಯ ನಂಟು. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ ಹರಡುವ ಹುಳು ದುಗ್ಧನಾಳಗಳಲ್ಲಿ ಸೇರಿಕೊಳ್ಳುತ್ತದೆ. ಅದರ ಮರಿಗಳು ರಕ್ತದಲ್ಲಿ ಹೆಚ್ಚಾಗಿ ಕಾಣಿಸುವುದು ರಾತ್ರಿ. ಆರೋಗ್ಯ ಸಿಬ್ಬಂದಿ ಕತ್ತಲಾದ ಮೇಲೆ ಮನೆಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡುವುದು ಇದಕ್ಕೇ. ವರ್ಷಕ್ಕೊಮ್ಮೆ ಹಂಚುವ ಮಾತ್ರೆಗಳು ಸೋಂಕು ಹರಡದಂತೆ ತಡೆಯುತ್ತವೆ. ಆದರೆ ಆಗಲೇ ತುಂಬಿಕೊಂಡ ನೀರಿಗೆ ಆಪರೇಷನ್ನೇ ದಾರಿ. ಅದೇನೂ ದೊಡ್ಡ ಆಪರೇಷನ್ ಅಲ್ಲ. ಅಷ್ಟಕ್ಕಾಗಿ ಒಬ್ಬ ಮನುಷ್ಯ ಆರೇಳು ವರ್ಷ ಹೊಲದ ಕೆಲಸ, ಜಾತ್ರೆ, ನೆಂಟರ ಮನೆ ಎಲ್ಲ ಬಿಟ್ಟಿದ್ದನೆಂದು ಕೇಳಿ ಸಂಕಟವಾಯಿತು.

ಮುಂದಿನವರ ಬಾವಿನಲ್ಲಿ ಟಾರ್ಚ್ ಬೆಳಕು ಹಾಯಲಿಲ್ಲ. ಕೆಮ್ಮಲು ಹೇಳಿದರೆ ಉಬ್ಬುತ್ತದೆ, ಮಲಗಿದರೆ ಒಳಗೆ ಸರಿಯುತ್ತದೆ. ಕರುಳು ಇಳಿದಿದೆ, ಹರ್ನಿಯಾ. ಎಂದಾದರೂ ಅದು ಒಳಗೆ ಹೋಗದೆ ಬಿಗಿದು, ನೋವು ವಾಂತಿ ಶುರುವಾದರೆ ಆ ದಿನವೇ ಬರಬೇಕೆಂದು ವೈದ್ಯರು ಎರಡು ಸಲ ಹೇಳಿದರು.

ಇಷ್ಟು ಜನ ಇದ್ದರೂ, ವೈದ್ಯರು ಹೆಚ್ಚು ಚಿಂತೆ ಮಾಡುವುದು ಈ ಬೆಂಚಿಗೆ ಬಾರದ ಹರೆಯದವರ ಬಗ್ಗೆ. ಬೀಜದಲ್ಲೇ ಗಟ್ಟಿಯಾದ, ನೋವಿಲ್ಲದ ಗಂಟು ಸಿಕ್ಕರೆ ಕ್ಯಾನ್ಸರ್ ಇರಬಹುದು. ಅದು ಹೆಚ್ಚಾಗಿ ಬರುವುದು 15ರಿಂದ 40ರೊಳಗಿನ ಗಂಡಸರಿಗೆ. ಹುಟ್ಟುವಾಗ ಬೀಜ ಕೆಳಗೆ ಇಳಿಯದೆ ಉಳಿದಿದ್ದವರಿಗೆ ಅಪಾಯ ಜಾಸ್ತಿ. ಬೇಗ ಬಂದರೆ ಬಹುಪಾಲು ಗುಣವಾಗುವ ಕ್ಯಾನ್ಸರ್ ಇದು. ನೋವಿಲ್ಲವಲ್ಲ ಎಂದು ಸುಮ್ಮನಿರುವುದೇ ದೊಡ್ಡ ತೊಡಕು.

ಓಪಿಡಿ ದಾಟಿ ಕ್ಯಾಶುಯಾಲ್ಟಿಗೆ ಬಂದರೆ ಗಡಿಬಿಡಿ. ಹದಿನಾಲ್ಕರ ಹುಡುಗ ಮೊಣಕಾಲು ಮಡಚಿ ಮಲಗಿದ್ದಾನೆ. ನಸುಕಿನಲ್ಲಿ ನಿದ್ದೆಯಿಂದ ಎಚ್ಚರವಾಗುವಷ್ಟು ನೋವು, ಎರಡು ಸಲ ವಾಂತಿ. “ಹೊಟ್ಟಿ ಬ್ಯಾನಿ ಅಂತಾನ್ರಿ” ಎಂದರು ತಾಯಿ. ಡ್ಯೂಟಿ ಡಾಕ್ಟರು ಪರದೆ ಎಳೆದು, ಚಡ್ಡಿ ಸರಿಸಿ ನೋಡಿದರು. ಎಡಗಡೆಯ ಬೀಜ ಮೇಲಕ್ಕೇರಿ ಅಡ್ಡ ತಿರುಗಿತ್ತು. ಮುಟ್ಟಗೊಡಲಿಲ್ಲ.

ಬೀಜಕ್ಕೆ ರಕ್ತ ಒಯ್ಯುವ ನಾಳ, ಹೊಲದಲ್ಲಿ ನೀರು ಬಿಡುವ ಪೈಪು ಮುರಿಗೆ ಬಿದ್ದ ಹಾಗೆ ತಿರುಚಿಕೊಂಡಿದೆ. ನೋವು ಶುರುವಾದ ಸುಮಾರು ಆರು ಗಂಟೆಯೊಳಗೆ ಬಿಡಿಸಿದರೆ ಬೀಜ ಉಳಿಯುವ ಸಾಧ್ಯತೆ ಬಹಳ. ಒಂದು ದಿನ ದಾಟಿದರೆ ಉಳಿಯುವುದು ಅಪರೂಪ. ಹುಡುಗ ಸುಳ್ಳು ಹೇಳಿರಲಿಲ್ಲ, ಈ ನೋವು ಕೆಳಹೊಟ್ಟೆಗೂ ಹಬ್ಬುತ್ತದೆ. ಅರ್ಧ ನಾಚಿಕೆ, ಅರ್ಧ ನಿಜ. ಹರೆಯದ ಹುಡುಗ ಕೆಳಹೊಟ್ಟೆ ನೋವೆಂದರೆ ಕೆಳಗೂ ನೋಡಲೇಬೇಕು. ಮನೆಯವರೂ ಶಾಲೆಯ ಪಿಟಿ ಮಾಸ್ತರರೂ ಇದನ್ನು ತಿಳಿದಿರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ತಿರುಚಿನ ಹಾಗಲ್ಲದೆ, ಬೀಜದ ಸೋಂಕಿನ ಬಾವು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಿಧಾನಕ್ಕೆ ಏರುತ್ತದೆ. ಜ್ವರ, ಉರಿಮೂತ್ರ ಜೊತೆಗಿರಬಹುದು. ಲೈಂಗಿಕ ಸೋಂಕಿನಿಂದಲೂ ಮೂತ್ರದ ಸೋಂಕಿನಿಂದಲೂ ಬರುತ್ತದೆ, ಆಂಟಿಬಯಾಟಿಕ್ ಬೇಕು. ಮಂಗನಬಾವು ಬಂದ ಹುಡುಗರಲ್ಲಿ ಕೆನ್ನೆ ಊದಿದ ಕೆಲವು ದಿನಗಳ ಮೇಲೆ ಬೀಜ ಊದುವುದೂ ಉಂಟು. ಆದರೆ ಮನೆಯಲ್ಲಿ ಕೂತು ಇದು ಸೋಂಕೋ ತಿರುಚೋ ಎಂದು ತೀರ್ಮಾನಿಸುವ ಹೊತ್ತಲ್ಲ. ಡಾಪ್ಲರ್ ಸ್ಕ್ಯಾನ್ ರಕ್ತ ಹರಿಯುತ್ತಿದೆಯೇ ಎಂದು ತೋರಿಸುತ್ತದೆ. ಅನುಮಾನ ಬಲವಾಗಿದ್ದರೆ ಸ್ಕ್ಯಾನಿಗೂ ಕಾಯುವುದಿಲ್ಲ.

ಹುಡುಗನನ್ನು ನೇರ ಓಟಿಗೆ ಒಯ್ದರು. ತಿರುಚು ಬಿಡಿಸಿ, ಬಿಸಿ ಬಟ್ಟೆ ಸುತ್ತಿಟ್ಟ ಮೇಲೆ ಕಪ್ಪಾಗಿದ್ದ ಬೀಜಕ್ಕೆ ಬಣ್ಣ ಮರಳಿತೆಂದು ಹೊರಗೆ ಬಂದ ಸರ್ಜನ್ ಹೇಳಿದರು. ಬಲಗಡೆಯದನ್ನೂ ಹೊಲಿದು ಭದ್ರ ಮಾಡಿದ್ದರು, ಅದೂ ಹಾಗೇ ತಿರುಚಬಹುದೆಂದು.

“ಮುಂದ ಮದುವಿ, ಮಕ್ಳು?” ತಾಯಿ ಕೇಳಿದರು.

“ಒಂದ್ ಉಳಿದ್ರೂ ಮಕ್ಳಾಗ್ತಾವಮ್ಮ. ನಿಮ್ಮ ಹುಡುಗಂದು ಎರಡೂ ಉಳದಾವ.”