ರೇಸ್ ಕಾರಿಗೆ ಎಷ್ಟಗಲದ ಟೈರು?

ಬುಕ್ಕಾಪಟ್ಟಣದ ಸುತ್ತಲ ಹೊಲಗಳಲ್ಲಿ ಹದ ಮಳೆ ಬಿದ್ದ ಮೇಲೆ ಉಳುಮೆಗೆ ಇಳಿಯುವ ಟ್ರ್ಯಾಕ್ಟರುಗಳನ್ನು ಗಮನಿಸಿದರೆ, ಹಿಂದಿನ ಟೈರು ಸಾಮಾನ್ಯವಾಗಿ 13ರಿಂದ 15 ಇಂಚು ಅಗಲ, ಮುಂದಿನದು 6 ಇಂಚಿನ ಆಸುಪಾಸು. ಎಳೆಯುವ ಕೆಲಸ ಹಿಂದಿನ ಗಾಲಿಯದು, ಆದ್ದರಿಂದ ಅದಕ್ಕೆ ಅಗಲ ಹೆಚ್ಚು. ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದಕ್ಕೆ ಈ ನೋಟವೂ ಒಂದು ಕಾರಣ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರುವ ಹುಡುಗ ಹುಡುಗಿಯರು ಮುಂದೆ ಕಾಲೇಜಿನ ರೇಸ್ ಕಾರು ತಂಡ ಸೇರಿದರೆ, ಇದೇ ನಂಬಿಕೆ ಅವರ ಜೊತೆಗೆ ಹೋಗುತ್ತದೆ. ಹೊಲದಲ್ಲಿ ಅದು ನಿಜವೇ. ಮೆತ್ತಗಿನ ಮಣ್ಣು ಭಾರಕ್ಕೆ ಕುಸಿಯುತ್ತದೆ, ಗಾಲಿ ಹೂತುಕೊಳ್ಳುತ್ತದೆ; ಅಗಲದ ಟೈರು ಭಾರವನ್ನು ಹಂಚಿ ಗಾಲಿಯನ್ನು ಮೇಲೆ ಹಿಡಿದಿಡುತ್ತದೆ. ಅಲ್ಲಿ ಸೋಲುವುದು ನೆಲ. ಟಾರಿನ ಮೇಲೆ ನೆಲ ಸೋಲುವುದಿಲ್ಲ, ರಬ್ಬರು ಸೋಲುತ್ತದೆ. ಆದ್ದರಿಂದ ಟಾರಿನ ಮೇಲೆ ಓಡುವ ಕಾರಿಗೆ ಟೈರಿನ ಅಗಲವನ್ನು ಗೊತ್ತುಮಾಡುವಾಗ ಹೊಲದ ಲೆಕ್ಕ ಬಿಟ್ಟು ರಬ್ಬರಿನ ಲೆಕ್ಕ ಹಿಡಿಯಬೇಕು.

ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ಬೆಸುಗೆ ಹಾಕಿ, ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳು ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಬೇರುಬಿಟ್ಟವು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲಿ ಹುಟ್ಟಿತು. ಮಣಿಪಾಲದ ಫಾರ್ಮುಲಾ ಮಣಿಪಾಲ್, ಸುರತ್ಕಲ್‌ನ ಎನ್‌ಐಟಿಕೆ ರೇಸಿಂಗ್ ತಂಡಗಳೂ ಇದೇ ಹಾದಿಯವು. ಈಗ ದೇಶದ ತಂಡಗಳು ಮುಖ್ಯವಾಗಿ ಸೇರುವ ಕಡೆಗಳಲ್ಲಿ ಒಂದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. ಫಾರ್ಮುಲಾ ಭಾರತ್ ಸ್ಪರ್ಧೆ ನಡೆಯುವ ಜಾಗ ಅದು. ಈ ಕಾರುಗಳ ಅಳತೆ ತಿಳಿದರೆ ಟೈರಿನ ಮಾತು ಅರ್ಥವಾಗುತ್ತದೆ. ಕಾರಿನ ತೂಕ ಸುಮಾರು 200ರಿಂದ 250 ಕೆ.ಜಿ. ಪೆಟ್ರೋಲ್ ಎಂಜಿನ್ನಾದರೆ ಅದು 710 ಸಿ.ಸಿ. ಮೀರುವಂತಿಲ್ಲ, ಉಸಿರಾಡಲು 20 ಮಿ.ಮೀ. ಕಿಂಡಿ ಮಾತ್ರ. ಸ್ಪರ್ಧೆಯಲ್ಲಿ ಓಡಬೇಕಾದ್ದು 75 ಮೀಟರಿನ ನೇರ ಓಟ, ಎಂಟರ ಆಕಾರದಲ್ಲಿ ಸುತ್ತುವ ಸ್ಕಿಡ್‌ಪ್ಯಾಡ್, ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುವ ಆಟೋಕ್ರಾಸ್, ಕೊನೆಗೆ ಸುಮಾರು 22 ಕಿ.ಮೀ.ಗಳ ಎಂಡ್ಯೂರೆನ್ಸ್. ಇಕ್ಕಟ್ಟಾದ ತಿರುವುಗಳಿಂದಾಗಿ ಸರಾಸರಿ ವೇಗ ಗಂಟೆಗೆ 50 ಕಿ.ಮೀ. ಆಚೀಚೆ ಅಷ್ಟೇ. ಟಿ.ವಿ.ಯಲ್ಲಿ ಕಾಣುವ ಫಾರ್ಮುಲಾ ಒನ್ ಕಾರಿಗೂ ಇದಕ್ಕೂ ಆಕಾರದಲ್ಲಿ ನೆಂಟಸ್ತಿಕೆ ಇದ್ದರೂ ಕೆಲಸದಲ್ಲಿ ಇಲ್ಲ.

ತಂಡಗಳ ಮುಂದೆ ಇರುವ ಆಯ್ಕೆಯೂ ಬಹಳ ದೊಡ್ಡದಲ್ಲ. 10 ಇಂಚಿನ ರಿಮ್ಮಿಗೆ 6 ಇಂಚು ಅಗಲದ್ದು, ಅದೇ ರಿಮ್ಮಿಗೆ 7.5 ಇಂಚಿನದ್ದು, ಇಲ್ಲವೇ 13 ಇಂಚಿನ ರಿಮ್ಮಿಗೆ 7 ಇಂಚಿನ ಆಸುಪಾಸಿನದ್ದು. ಹೆಚ್ಚಿನವು ಹೂಸಿಯರ್ ಎಂಬ ಅಮೆರಿಕದ ಕಂಪನಿಯ, ಗೀರುಗಳಿಲ್ಲದ ನುಣುಪು ಮೈಯ ಸ್ಲಿಕ್ ಟೈರುಗಳು. 6 ಇಂಚೋ 7.5 ಇಂಚೋ ಎಂಬುದು ಚಿಕ್ಕ ಪ್ರಶ್ನೆಯಂತೆ ಕಾಣುತ್ತದೆ. ಆದರೆ ರಿಮ್ಮು, ಹಬ್ಬು, ಬ್ರೇಕು, ಸಸ್ಪೆನ್ಷನ್ನಿನ ತೋಳುಗಳು, ಕೊನೆಗೆ ಚಾಸಿಯೇ ಈ ಉತ್ತರವನ್ನು ಕಾದು ಕೂತಿರುತ್ತವೆ.

ಇಲ್ಲಿ ಮೊದಲ ಆಕ್ಷೇಪ ಪಿಯುಸಿ ಭೌತಶಾಸ್ತ್ರದಿಂದಲೇ ಬರುತ್ತದೆ. ಘರ್ಷಣೆ ಒತ್ತುವ ಬಲವನ್ನು ಅವಲಂಬಿಸುತ್ತದೆ, ತಾಗುವ ವಿಸ್ತೀರ್ಣವನ್ನಲ್ಲ ಎಂದು ಫ್ರಾನ್ಸಿನ ಅಮೊಂಟನ್ಸ್ 1699ರಲ್ಲೇ ಹೇಳಿದ್ದ. ಹಾಗಿದ್ದ ಮೇಲೆ ಅಗಲದಿಂದ ಏನೂ ಬದಲಾಗಬಾರದಲ್ಲ? ಗಟ್ಟಿ ವಸ್ತುಗಳಿಗೆ ಈ ನಿಯಮ ಚೆನ್ನಾಗಿಯೇ ಹೊಂದುತ್ತದೆ. ರಬ್ಬರು ಹಾಗಲ್ಲ. ಅದು ಟಾರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕೂರುತ್ತದೆ, ಅಣುಗಳ ಮಟ್ಟದಲ್ಲಿ ಅಂಟಿಕೊಳ್ಳುತ್ತದೆ, ಜಗ್ಗಿದಾಗ ಹಿಗ್ಗಿ ಮತ್ತೆ ಮರಳುವಾಗ ಒಂದಷ್ಟು ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಹಿಡಿತ ಹುಟ್ಟುವುದು ಈ ಅಂಟು ಮತ್ತು ಶಕ್ತಿಯ ನಷ್ಟ ಎರಡರಿಂದ. ಒತ್ತಡ ಇಮ್ಮಡಿಯಾದರೆ ನಿಜವಾಗಿ ತಾಗುವ ಮೈ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಹೆಚ್ಚುತ್ತದೆ. ಆದ್ದರಿಂದ ಟೈರಿನ ಮೇಲೆ ಭಾರ ಏರಿದಂತೆ ಹಿಡಿತವೂ ಏರುತ್ತದೆ, ಆದರೆ ಭಾರ ಏರಿದ ಪ್ರಮಾಣದಲ್ಲಿ ಅಲ್ಲ. ಇಡೀ ಚರ್ಚೆಯ ಬೇರು ಈ ಒಂದು ಗುಣದಲ್ಲಿದೆ. ಅಗಲದ ಟೈರಿನಲ್ಲಿ ಗಾಳಿಯ ಒತ್ತಡವನ್ನು ತಗ್ಗಿಸಿಡಬಹುದು, ಭಾರ ಏರಿದಾಗ ಅದರ ಹಿಡಿತದ ಗುಣಾಂಕ, ಅಂದರೆ ಭಾರಕ್ಕೆ ಹೋಲಿಸಿದ ಹಿಡಿತ, ನಿಧಾನವಾಗಿ ಇಳಿಯುತ್ತದೆ. ಅಗಲದ ಪರ ಇರುವ ನಿಜವಾದ ವಾದ ಇದು, ಇದನ್ನು ಅಲ್ಲಗಳೆಯಲಾಗದು.

ಆದರೆ ಅಗಲವಾದ ಟೈರು ಹೆಚ್ಚು ನೆಲ ಮುಟ್ಟುತ್ತದೆ ಎಂಬ ಮಾತು ಬಹುತೇಕ ತಪ್ಪು. ಚಾಲಕನೂ ಸೇರಿ 280 ಕೆ.ಜಿ. ತೂಗುವ ಕಾರು ಎಂದಿಟ್ಟುಕೊಳ್ಳಿ. ನಿಂತಾಗ ಒಂದೊಂದು ಗಾಲಿಯ ಮೇಲೆ 70 ಕೆ.ಜಿ. ಟೈರಿನೊಳಗಿನ ಗಾಳಿಯ ಒತ್ತಡ 12 ಪಿ.ಎಸ್.ಐ., ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 0.84 ಕೆ.ಜಿ. ಭಾಗಿಸಿದರೆ ನೆಲ ಮುಟ್ಟುವ ಮೈ ಸುಮಾರು 83 ಚದರ ಸೆಂ.ಮೀ. ಈ ಲೆಕ್ಕದಲ್ಲಿ ಅಗಲದ ಪ್ರಸ್ತಾಪವೇ ಬಂದಿಲ್ಲ ನೋಡಿ. 6 ಇಂಚಿನ ಟೈರಿನಲ್ಲಿ ಆ ಹೆಜ್ಜೆ 15 ಸೆಂ.ಮೀ. ಅಗಲ, ಐದೂವರೆ ಸೆಂ.ಮೀ. ಉದ್ದ, 7.5 ಇಂಚಿನದರಲ್ಲಿ 19 ಸೆಂ.ಮೀ. ಅಗಲ, 4.4 ಸೆಂ.ಮೀ. ಉದ್ದ. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಅಂಕಿಗಳು ಆಚೀಚೆ ಆದಾವು, ಆದರೆ ತಾತ್ಪರ್ಯ ಬದಲಾಗದು: ಗಾಳಿಯ ಒತ್ತಡ ಅದೇ ಇದ್ದರೆ ಅಗಲ ಹೆಜ್ಜೆಯ ಆಕಾರವನ್ನು ಬದಲಿಸುತ್ತದೆ, ವಿಸ್ತೀರ್ಣವನ್ನಲ್ಲ.

ತಿರುವಿನಲ್ಲಿ ಏನಾಗುತ್ತದೆ? ಸ್ಕಿಡ್‌ಪ್ಯಾಡಿನ ಒಳವೃತ್ತದ ವ್ಯಾಸ 15.25 ಮೀ. ಕಾರು ಸುಮಾರು 9 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ಒಂದು ಸುತ್ತನ್ನು 5 ಸೆಕೆಂಡಿನಲ್ಲಿ ಮುಗಿಸುವ ಕಾರಿನ ವೇಗ ಗಂಟೆಗೆ 41 ಕಿ.ಮೀ. ಮಾತ್ರ, ಆದರೆ ಪಕ್ಕಕ್ಕೆ ಎಳೆಯುವ ಬಲ ಕಾರಿನ ತೂಕದ 1.4 ಪಟ್ಟಿಗೂ ಮೀರುತ್ತದೆ. ಗುರುತ್ವ ಕೇಂದ್ರ ನೆಲದಿಂದ 30 ಸೆಂ.ಮೀ. ಮೇಲಿದ್ದು, ಎಡ ಬಲ ಗಾಲಿಗಳ ನಡುವೆ 120 ಸೆಂ.ಮೀ. ಇದ್ದರೆ, 1.4 ಪಟ್ಟಿನ ಬಲಕ್ಕೇ 98 ಕೆ.ಜಿ.ಯಷ್ಟು ಭಾರ ಒಳಗಾಲಿಗಳಿಂದ ಹೊರಗಾಲಿಗಳಿಗೆ ಸರಿಯುತ್ತದೆ. ಒಳಗಿನ ಎರಡಕ್ಕೂ ಸೇರಿ ಉಳಿಯುವುದು 42 ಕೆ.ಜಿ., ಹೊರಗಿನ ಎರಡಕ್ಕೆ 238. ಹೊರಗಿನ ಒಂದೊಂದು ಟೈರಿನ ಮೇಲೆ ಹೆಚ್ಚುಕಡಿಮೆ 120 ಕೆ.ಜಿ. ಟೈರಿನ ಅಗಲ ತೀರ್ಮಾನವಾಗಬೇಕಾದ್ದು ಈ 120ರ ಮೇಲೆ. ಆ ಭಾರದಲ್ಲಿ 6 ಇಂಚಿನ ಟೈರಿನ ಹಿಡಿತದ ಗುಣಾಂಕ ತೀರ ಕುಸಿದಿದ್ದರೆ ಅಗಲ ಬೇಕು. ಅಷ್ಟೇನೂ ಕುಸಿದಿಲ್ಲವಾದರೆ ಅಗಲಕ್ಕೆ ತೆರುವ ಬೆಲೆ ವ್ಯರ್ಥ. ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಗುರುತ್ವ ಕೇಂದ್ರವನ್ನು 30ರಿಂದ 27 ಸೆಂ.ಮೀ.ಗೆ ಇಳಿಸಿದರೆ ಸರಿಯುವ ಭಾರ 98ರಿಂದ 88 ಕೆ.ಜಿ.ಗೆ ಇಳಿಯುತ್ತದೆ, ಅದಕ್ಕೆ ಹೊಸ ಟೈರು ಬೇಕಿಲ್ಲ.

ಬೆಲೆಗಳಲ್ಲಿ ದೊಡ್ಡದು ಶಾಖ. ಸ್ಲಿಕ್ ಟೈರಿನ ರಬ್ಬರು ತಣ್ಣಗಿದ್ದಾಗ ಗಡಸು. ಒಂದು ಹದದ ಬಿಸಿಗೆ ಬಂದಾಗಲೇ ಅದು ನೆಲಕ್ಕೆ ಅಂಟುತ್ತದೆ. ಬಿಸಿ ಬರುವುದು ಕಾರಿನ ತೂಕ ಮತ್ತು ಟೈರು ಜಾರಿ ತೀಡುವ ಕೆಲಸದಿಂದ. ಟೈರನ್ನು ಮೊದಲೇ ಕಾಯಿಸುವ ಹೊದಿಕೆಗಳನ್ನು ಈ ಸ್ಪರ್ಧೆಗಳ ನಿಯಮ ಒಪ್ಪುವುದಿಲ್ಲ. ನೇರ ಓಟ ಮುಗಿಯಲು ನಾಲ್ಕೈದು ಸೆಕೆಂಡು ಸಾಕು, ಸ್ಕಿಡ್‌ಪ್ಯಾಡಿನ ನಾಲ್ಕು ಸುತ್ತಿಗೆ ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ಹಗುರವಾದ ಕಾರು 7.5 ಇಂಚಿನ ರಬ್ಬರನ್ನು ಹದಕ್ಕೆ ತರಬೇಕೆನ್ನುವುದು ಒಂದು ಹಿಡಿ ಪುಳ್ಳೆಯಿಂದ ಹಂಡೆ ನೀರು ಕಾಯಿಸಹೊರಟಂತೆ. ರಬ್ಬರು ಹೆಚ್ಚು, ಗಾಳಿಗೆ ಒಡ್ಡಿ ತಣಿಯುವ ಮೈಯೂ ಹೆಚ್ಚು, ಕಾಯಿಸುವ ಕೆಲಸ ಮಾತ್ರ ಅಷ್ಟೇ. ಕಾಗದದ ಮೇಲೆ ಹೆಚ್ಚು ಹಿಡಿತ ತೋರಿಸುವ ಟೈರು ಟ್ರ್ಯಾಕಿನಲ್ಲಿ ಸಪ್ಪೆಯಾಗುವುದು ಹೀಗೆ.

ಎರಡನೆಯ ಬೆಲೆ ತೂಕ. ಅಗಲದ ಟೈರು, ಅಗಲದ ರಿಮ್ಮು ಸೇರಿ ಗಾಲಿಯೊಂದಕ್ಕೆ 1 ಕೆ.ಜಿ. ಹೆಚ್ಚಾಯಿತು ಎನ್ನೋಣ. ತಿರುಗುವ ವಸ್ತುವನ್ನು ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ಅಂಚಿನಲ್ಲಿರುವ ತೂಕ ವೇಗ ಹೆಚ್ಚಿಸುವಾಗ ಹೆಚ್ಚುಕಡಿಮೆ ಇಮ್ಮಡಿಯಾಗಿ ಕಾಡುತ್ತದೆ. ನಾಲ್ಕು ಗಾಲಿಗೆ 8 ಕೆ.ಜಿ. ಹೊತ್ತಂತೆ, 280ರಲ್ಲಿ ಶೇ. 3ರ ಹತ್ತಿರ. ನೇರ ಓಟದಲ್ಲಿ ಇದು ಶೇ. 1ರ ಆಸುಪಾಸಿನ ಸಮಯ ತಿನ್ನುತ್ತದೆ, ಅಂದರೆ ಒಂದು ಸೆಕೆಂಡಿನ ನೂರರಲ್ಲಿ ನಾಲ್ಕೈದು ಪಾಲು. ಇನ್ನೊಂದು ತಕ್ಕಡಿಯಲ್ಲಿ, ಅಗಲದಿಂದ ಹಿಡಿತ ಶೇ. 5ರಷ್ಟು ಹೆಚ್ಚಿದರೆ ಸ್ಕಿಡ್‌ಪ್ಯಾಡಿನ 5 ಸೆಕೆಂಡಿನಲ್ಲಿ ಸುಮಾರು 0.12 ಸೆಕೆಂಡು ಉಳಿಯುತ್ತದೆ. ಆ ಶೇ. 5 ನಿಜವಾಗಿ ಕೈಗೆ ಬಂದರೆ ಅಗಲವೇ ಗೆದ್ದಂತೆ, ಇದನ್ನು ಮುಚ್ಚಿಡಬೇಕಿಲ್ಲ. ಟೈರು ಕಾಯದೆ ಆ ಶೇ. 5 ಕೈಗೆ ಬಾರದಿದ್ದರೆ ತೂಕದ ನಷ್ಟ ಮಾತ್ರ ಉಳಿಯುತ್ತದೆ. ತೂಕದ ನಷ್ಟ ಖಚಿತ, ಹಿಡಿತದ ಲಾಭ ಷರತ್ತಿನದು. ಮೇಲಾಗಿ ಗಾಲಿಯ ತೂಕ ಸ್ಪ್ರಿಂಗಿನ ಕೆಳಗಿನದು; ಅದು ಹೆಚ್ಚಿದಷ್ಟೂ ಉಬ್ಬುತಗ್ಗಿನ ಮೇಲೆ ಟೈರು ನೆಲ ಬಿಡುವುದು ಹೆಚ್ಚು.

ಹಾಗಾದರೆ ಫಾರ್ಮುಲಾ ಒನ್ನಿನವರು ಮೂರ್ಖರೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2017ರಲ್ಲಿ ಅಲ್ಲಿ ಮುಂದಿನ ಟೈರನ್ನು 245ರಿಂದ 305 ಮಿ.ಮೀ.ಗೆ, ಹಿಂದಿನದನ್ನು 325ರಿಂದ 405 ಮಿ.ಮೀ.ಗೆ ಹಿಗ್ಗಿಸಿದರು. ಅವರ ಕಾರಿನ ರೆಕ್ಕೆಗಳು ವೇಗದಲ್ಲಿ ಕಾರಿನ ತೂಕಕ್ಕೂ ಮೀರಿದ ಭಾರವನ್ನು ಟೈರಿನ ಮೇಲೆ ಹೇರುತ್ತವೆ, ಓಟ ಒಂದೂವರೆ ಗಂಟೆ ನಡೆಯುತ್ತದೆ. ಅವರ ಕಷ್ಟ ಟೈರು ಕಾಯದಿರುವುದಕ್ಕಿಂತ ಹೆಚ್ಚಾಗಿ ಬೆಂದುಹೋಗುವುದು. ಅಷ್ಟಾದರೂ 2026ರ ನಿಯಮಗಳಲ್ಲಿ ಮುಂದಿನ ಟೈರು 25 ಮಿ.ಮೀ., ಹಿಂದಿನದು 30 ಮಿ.ಮೀ. ಕಿರಿದಾಗಿದೆ, ತೂಕ ಮತ್ತು ಗಾಳಿಯ ತಡೆ ತಗ್ಗಲೆಂದು. ಗಂಟೆಗೆ 300 ಕಿ.ಮೀ. ಓಡುವವರೇ ಅಗಲಕ್ಕೆ ಬೆಲೆ ಕಟ್ಟಿ ನೋಡುತ್ತಾರೆಂದ ಮೇಲೆ, 50ರಲ್ಲಿ ಓಡುವವರು ಕಟ್ಟದಿರುವುದು ಸರಿಯಲ್ಲ.

ಇದನ್ನೆಲ್ಲ ಊಹೆಗೆ ಬಿಡಬೇಕಾಗಿಲ್ಲ ಎಂಬುದು ಸಂತೋಷದ ಸಂಗತಿ. ವಿದ್ಯಾರ್ಥಿ ತಂಡಗಳು ಚಂದಾ ಹಾಕಿ ಟೈರು ಪರೀಕ್ಷೆ ಮಾಡಿಸುವ ಒಂದು ಒಕ್ಕೂಟ 2005ರಿಂದ ಇದೆ. ಅಮೆರಿಕದ ಬಫಲೋ ನಗರದ ಕ್ಯಾಲ್‌ಸ್ಪಾನ್ ಪ್ರಯೋಗಾಲಯದಲ್ಲಿ ಓಡುವ ಪಟ್ಟಿಯ ಮೇಲೆ ಟೈರನ್ನು ಒತ್ತಿ, ಬೇರೆ ಬೇರೆ ಭಾರ, ಗಾಳಿಯ ಒತ್ತಡ, ಓರೆಗಳಲ್ಲಿ ಬಲಗಳನ್ನು ಅಳೆಯುತ್ತಾರೆ. ಒಮ್ಮೆ ಶುಲ್ಕ ಕಟ್ಟಿದ ತಂಡಕ್ಕೆ ಆ ಅಂಕಿಗಳು ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಆ ಪಟ್ಟಿಯ ಮೈ ಉಪ್ಪುಕಾಗದದಂತೆ ಒರಟು, ಆದ್ದರಿಂದ ಗುಣಾಂಕ ಎರಡನ್ನೂ ಮೀರಿ ಬರುತ್ತದೆ. ಟ್ರ್ಯಾಕಿನಲ್ಲಿ ಅದರ ಮೂರರಲ್ಲೆರಡು ಪಾಲು ಸಿಕ್ಕರೆ ಸರಿ. ಎರಡು ಟೈರುಗಳನ್ನು ಪರಸ್ಪರ ಹೋಲಿಸಲು ಆ ಅಂಕಿಗಳು ಚೆನ್ನ, ಕಾರಿನ ಓಟವನ್ನು ಅವುಗಳಿಂದಲೇ ಹೇಳಹೊರಟರೆ ಮೋಸಹೋಗುತ್ತೇವೆ. ಅಲ್ಲಿಂದ ಮುಂದಿನದು ಸ್ವಂತ ಅಳತೆ: ಓಡಿ ಬಂದ ಕೂಡಲೇ ಸೂಜಿ ಚುಚ್ಚಿ ನೋಡುವ ತಾಪಮಾಪಕದಿಂದ ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರರ ಬಿಸಿ ನೋಡುವುದು. ನಡು ಮಾತ್ರ ಹೆಚ್ಚು ಕಾದಿದ್ದರೆ ಗಾಳಿ ಹೆಚ್ಚಾಗಿದೆ. ಒಂದೇ ಅಂಚು ಕಾದಿದ್ದರೆ ಗಾಲಿ ಓರೆಯಾಗಿ ನಿಲ್ಲುತ್ತಿದೆ.

ಆ ಓರೆಯ ವಿಷಯದಲ್ಲಿ ವಿದ್ಯಾರ್ಥಿಗಳ ಕಾರಿಗೆ ವಿಶೇಷವಾಗಿ ಹೇಳಬೇಕಾದ್ದಿದೆ. ಅಗಲದ ಟೈರು ಚಪ್ಪಟೆಯಾಗಿ ನಿಂತರೆ ಮಾತ್ರ ಅಗಲ. ತಿರುವಿನಲ್ಲಿ ಕಾರು ವಾಲಿ ಗಾಲಿ ಓರೆಯಾದರೆ ಭಾರವೆಲ್ಲ ಒಂದಂಚಿಗೆ ಬೀಳುತ್ತದೆ. ಇದನ್ನು ತಡೆಯಲು ಸಸ್ಪೆನ್ಷನ್ನಿನ ರೇಖಾಗಣಿತವೂ ಸರಿಯಿರಬೇಕು, ಬೆಸುಗೆ, ಬೇರಿಂಗು, ರಾಡ್ ಎಂಡುಗಳೂ ಅಲುಗದಂತಿರಬೇಕು. ಕಾಲೇಜಿನ ವರ್ಕ್‌ಶಾಪಿನಲ್ಲಿ, ಪರೀಕ್ಷೆಗಳ ನಡುವೆ, ಕಟ್ಟಿದ ಕಾರಿನಲ್ಲಿ ಅರ್ಧ ಡಿಗ್ರಿ ಸಡಿಲ ಸುಲಭವಾಗಿ ನುಸುಳುತ್ತದೆ. ಕಿರಿದಾದ ಟೈರು ಈ ಸಡಿಲವನ್ನು ಹೆಚ್ಚು ಸಹಿಸುತ್ತದೆ. ಇನ್ನು ಹಿಂದೆ ಅಗಲ, ಮುಂದೆ ಕಿರಿದು ಎಂಬ ಟ್ರ್ಯಾಕ್ಟರಿನ ಕ್ರಮ ಇಲ್ಲಿ ಸಲ್ಲದು: ಈ ಕಾರುಗಳ ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮವಾಗಿ ಹಂಚಿರುತ್ತದೆ, ಆದ್ದರಿಂದ ನಾಲ್ಕೂ ಒಂದೇ ಅಳತೆ ಇದ್ದರೆ ಸಾಕು, ಹೆಚ್ಚುವರಿ ಸೆಟ್ಟಿನ ಖರ್ಚೂ ಉಳಿಯುತ್ತದೆ.

ಅತಿ ಹೆಚ್ಚು ಅಂಕವಿರುವುದು ಎಂಡ್ಯೂರೆನ್ಸಿಗೆ, ಅಲ್ಲಿ ಟೈರು ಕಾಯಲು ಬೇಕಾದಷ್ಟು ಹೊತ್ತಿದೆಯಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಬ್ಯಾಟರಿ ಹೊತ್ತು 260 ಕೆ.ಜಿ. ಮೀರುವ ವಿದ್ಯುತ್ ಕಾರಿಗೆ, ದೊಡ್ಡ ರೆಕ್ಕೆ ಕಟ್ಟಿಕೊಂಡ ಕಾರಿಗೆ, ಕೊಯಮತ್ತೂರಿನ ಬಿಸಿಲಿನಲ್ಲಿ 6 ಇಂಚಿನ ಟೈರು ಕೊನೆಯ ಸುತ್ತುಗಳಲ್ಲಿ ಅತಿಯಾಗಿ ಕಾದು ಜಾರಬಹುದು. ಅಂಥ ಕಾರಿಗೆ 7.5 ಇಂಚು ಸರಿಯಾದ ಆಯ್ಕೆ. ಆದರೆ 200 ಕೆ.ಜಿ.ಯ ಸುತ್ತಮುತ್ತಲಿನ, ರೆಕ್ಕೆಯಿಲ್ಲದ, ಮೊದಲ ಅಥವಾ ಎರಡನೆಯ ಕಾರು ಕಟ್ಟುವ ತಂಡಕ್ಕೆ 10 ಇಂಚಿನ ರಿಮ್ಮಿನ ಮೇಲೆ 6 ಇಂಚಿನ ಟೈರೇ ಸರಿ ಎಂಬುದು ನನ್ನ ತೀರ್ಪು. ಚಾಸಿಯ ಮೊದಲ ಗೆರೆ ಎಳೆಯುವ ಮುನ್ನವೇ ಟೈರನ್ನು ಗೊತ್ತುಮಾಡಿ. ಕಾರನ್ನು ಆದಷ್ಟು ಬೇಗ ಮುಗಿಸಿ ಓಡಿಸಿ, ಪ್ರತಿ ಓಟದ ನಂತರ ಮೂರು ಕಡೆಯ ಬಿಸಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಟೈರು ಹದ ಮೀರಿ ಕಾಯುತ್ತಿದೆ ಎಂದು ಆ ಪುಸ್ತಕ ಹೇಳಿದರೆ ಮುಂದಿನ ವರ್ಷದ ಕಾರಿಗೆ ಅಗಲದ ಟೈರು ಹಾಕಿ.