ಎಷ್ಟು ತೊಳೆದರೂ ತೀರದ ಸಂಶಯ

ಮಗ್ರಿಬ್ ಬಾಂಗ್ ಆಗಿ ಅರ್ಧ ಗಂಟೆ ಕಳೆದಿದೆ. ಮನೆಯವರೆಲ್ಲ ನಮಾಝ್ ಮುಗಿಸಿ ಚಹಾಕ್ಕೆ ಕುಳಿತಿದ್ದಾರೆ. ಬಚ್ಚಲಿನಲ್ಲಿ ನಳ್ಳಿ ಮಾತ್ರ ಇನ್ನೂ ಸುರಿಯುತ್ತಿದೆ. ಒಳಗಿರುವುದು ಕಾಲೇಜಿಗೆ ಹೋಗುವ ಮಗಳು. ಮೊಣಕೈಗೆ ನೀರು ತಲುಪಿತೋ ಇಲ್ಲವೋ ಎಂಬ ಸಂಶಯ ಬಂದು ಮತ್ತೆ ಮೊದಲಿನಿಂದ ವುಝೂ ಮಾಡುತ್ತಿದ್ದಾಳೆ. ಇದು ನಾಲ್ಕನೇ ಸಲ. ಹೊರಗೆ ಬರುವಾಗ ಬೆರಳುಗಳು ಬಿಳುಚಿ ಸುಕ್ಕುಗಟ್ಟಿವೆ, ಕಣ್ಣು ತುಂಬಿದೆ. ಮುಸಲ್ಲಾದ ಮೇಲೆ ನಿಂತರೂ ಮುಗಿಯುವುದಿಲ್ಲ. ನಿಯ್ಯತ್ ಸರಿಯಾಗಲಿಲ್ಲವೆಂದು ತಕ್ಬೀರ್ ಹೇಳುತ್ತಾಳೆ, ಬಿಡುತ್ತಾಳೆ, ಪುನಃ ಹೇಳುತ್ತಾಳೆ.

ಇಂಥವರು ನಿಮ್ಮ ಮನೆಯಲ್ಲೂ ಇರಬಹುದು. ಮಗಳ ಬದಲು ಮಗನಿರಬಹುದು, ಅತ್ತೆ ಇರಬಹುದು, ನೀವೇ ಇರಬಹುದು. ಆರಂಭದಲ್ಲಿ ಮನೆಯವರಿಗೆ ಸಂತೋಷವೇ ಆಗುತ್ತದೆ. ಶುದ್ಧಿಯ ಬಗ್ಗೆ ಎಷ್ಟು ಕಾಳಜಿ ನೋಡಿ ಎನ್ನುತ್ತಾರೆ. ಕೆಲವು ತಿಂಗಳ ನಂತರ ಬಾಗಿಲು ಬಡಿಯುವುದು, ಗದರುವುದು, ಟ್ಯಾಂಕ್ ಖಾಲಿಯಾಯಿತೆಂದು ಕೂಗಾಡುವುದು ಶುರುವಾಗುತ್ತದೆ. ಕೊನೆಗೆ ಯಾರೋ ಒಬ್ಬರು ತಾಯತದ ಸಲಹೆ ಕೊಡುತ್ತಾರೆ.

ನಾವು ಇದನ್ನು ವಸ್‌ವಾಸ್ ಎನ್ನುತ್ತೇವೆ. ಅಪರೂಪಕ್ಕೊಮ್ಮೆ ಸಂಶಯ ಬರುವುದು ಎಲ್ಲರಿಗೂ ಇದ್ದದ್ದೇ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬಂದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆದರೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಓದು, ಕೆಲಸ, ನಿದ್ದೆ ಕೆಡುತ್ತಿದ್ದರೆ ಅದು ಗೀಳು ಕಾಯಿಲೆಯಾಗಿರಬಹುದು. ವೈದ್ಯರು ಓಸಿಡಿ ಎನ್ನುವುದು ಇದನ್ನೇ. ಈಮಾನ್ ದುರ್ಬಲವಾದುದರ ಗುರುತೂ ಅಲ್ಲ, ಬಲವಾದುದರ ಗುರುತೂ ಅಲ್ಲ. ಕಾಯಿಲೆ, ಅಷ್ಟೇ. ಮನುಷ್ಯನಿಗೆ ಯಾವುದು ಅತಿ ಮುಖ್ಯವೋ ಅದನ್ನೇ ಇದು ಹಿಡಿದುಕೊಳ್ಳುವುದುಂಟು. ನಮಾಝ್ ಬಗ್ಗೆ ಶ್ರದ್ಧೆಯಿರುವವರನ್ನು ಇದು ವುಝೂವಿನಲ್ಲಿ ಕಾಡುವುದು ಅದಕ್ಕೇ.

ಇದು ಬೆಳೆಯುವ ರೀತಿ ತಿಳಿದರೆ ಅರ್ಧ ಕೆಲಸ ಆದಂತೆ. ಸಂಶಯ ಬಂತು, ಎದೆ ಡವಗುಟ್ಟಿತು. ಇನ್ನೊಮ್ಮೆ ತೊಳೆದರೆ ಸಮಾಧಾನವಾಗುತ್ತದೆ, ಆದರೆ ಐದೇ ನಿಮಿಷ. ತೊಳೆದದ್ದರಿಂದಲೇ ನೆಮ್ಮದಿ ಸಿಕ್ಕಿತು ಎಂದು ಮನಸ್ಸು ಕಲಿತುಬಿಡುತ್ತದೆ. ಮುಂದಿನ ಸಲ ಸಂಶಯ ಇನ್ನಷ್ಟು ಜೋರಾಗಿ ಬರುತ್ತದೆ. ಮೂರು ಸಲ ಸಾಕಾಗಿದ್ದದ್ದು ಏಳಾಗುತ್ತದೆ, ಹತ್ತಾಗುತ್ತದೆ.

ಮನೆಯವರ ಪಾಲೂ ಇಲ್ಲಿದೆ. "ಉಮ್ಮಾ, ನನ್ನ ಕೈ ಪೂರ್ತಿ ಒದ್ದೆಯಾಗಿದೆಯಾ? ಬಟ್ಟೆಗೆ ಹನಿ ತಾಗಿಲ್ಲ ಅಲ್ವಾ?" ಎಂದು ಅವಳು ಕೇಳುತ್ತಾಳೆ. ತಾಯಿ ಕರುಣೆಯಿಂದ "ಇಲ್ಲ ಮಗಳೇ, ಎಲ್ಲ ಸರಿಯಿದೆ" ಎನ್ನುತ್ತಾರೆ. ಆ ಉತ್ತರವೂ ಇನ್ನೊಮ್ಮೆ ತೊಳೆದಂತೆಯೇ. ಐದು ನಿಮಿಷ ಬಿಟ್ಟು ಅದೇ ಪ್ರಶ್ನೆ ಮತ್ತೆ ಬರುತ್ತದೆ. ಗದರುವುದರಿಂದಲೂ ಉಪಯೋಗವಿಲ್ಲ, ಆತಂಕ ಹೆಚ್ಚುತ್ತದೆ. ಎಲ್ಲರೂ ಶಾಂತವಾಗಿರುವ ಒಂದು ಹೊತ್ತಿನಲ್ಲಿ ಕುಳಿತು ಮೊದಲೇ ಮಾತಾಡಿಕೊಳ್ಳಿ. "ನೀನು ಹೀಗೆ ಕೇಳಿದಾಗ ನಾನು ಉತ್ತರ ಕೊಡುವುದಿಲ್ಲ, ನಿನ್ನ ಪಕ್ಕದಲ್ಲಿ ಕುಳಿತಿರುತ್ತೇನೆ" ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಮೊದಲ ವಾರ ತಾಯಿಗೇ ಹೆಚ್ಚು ಕಷ್ಟವಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಧರ್ಮ ಇದನ್ನು ಕೇಳಿಯೇ ಇಲ್ಲ. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಅದು ಸುಮಾರು ಮುಕ್ಕಾಲು ಲೀಟರ್, ಇನ್ನೊಂದು ಲೆಕ್ಕದಲ್ಲಿ ಒಂದು ಲೀಟರ್. ಒಂದೊಂದು ಅಂಗವನ್ನು ಮೂರು ಸಲ ತೊಳೆದು ತೋರಿಸಿ, ಅದನ್ನು ಮೀರುವುದು ತಪ್ಪು ಎಂದು ಎಚ್ಚರಿಸಿದ್ದಾರೆ. ನಮಾಝ್‌ನಲ್ಲಿರುವಾಗ ವುಝೂ ಮುರಿಯಿತೇನೋ ಎಂದು ಬರೀ ಸಂಶಯ ಬಂದರೆ, ಶಬ್ದವೋ ವಾಸನೆಯೋ ಖಚಿತವಾಗುವವರೆಗೆ ನಮಾಝ್ ಬಿಟ್ಟು ಹೋಗಬಾರದು ಎಂದಿದ್ದಾರೆ. ಖಚಿತವಾದುದನ್ನು ಸಂಶಯ ಅಳಿಸಲಾರದು ಎಂಬುದು ಫಿಕ್‌ಹ್‌ನ ದೊಡ್ಡ ನಿಯಮಗಳಲ್ಲಿ ಒಂದು. ಅಬೂ ಝೈದ್ ಅಲ್ ಬಲ್ಖಿ (ಕ್ರಿ.ಶ. 850–934) ಎಂಬ ವಿದ್ವಾಂಸರು ಶರೀರ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ ಹೀಗೆ ಬಿಡದೆ ಕಾಡುವ ಯೋಚನೆಗಳಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಸಾವಿರ ವರ್ಷದ ಹಿಂದೆಯೇ ನಮ್ಮವರು ಚಿಕಿತ್ಸೆಯ ವಿಷಯವೆಂದು ಬರೆದದ್ದನ್ನು ನಾವು ಇಂದು ಮುಚ್ಚಿಡುತ್ತಿದ್ದೇವೆ.

ಮನೆಯಲ್ಲಿ ಹೀಗೆ ಆರಂಭಿಸಬಹುದು. ನಳ್ಳಿ ಬಿಟ್ಟು ಒಂದು ಲೀಟರಿನ ಮಗ್ಗಿನಲ್ಲಿ ವುಝೂ ಮಾಡಿ. ನೀರು ಮುಗಿದರೆ ವುಝೂ ಮುಗಿಯಿತು, ಹೊರಗೆ ಬನ್ನಿ. ಆತಂಕ ಏರುತ್ತದೆ, ಏರಲಿ. ಅದರೊಂದಿಗೆ ವಾದಿಸದೆ, ಮತ್ತೆ ತೊಳೆಯದೆ ನಮಾಝ್‌ಗೆ ನಿಂತುಬಿಡಿ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಇಳಿಯುತ್ತದೆ. ಎರಡು ದಿನ ಸೋತರೆ ಮೂರನೆಯ ದಿನ ಪುನಃ ಪ್ರಯತ್ನಿಸಿ. ಕೈ ಬಿರುಕು ಬಿಟ್ಟಿದ್ದರೆ ಡೆಟ್ಟಾಲ್, ಸೋಪಿನ ಉಜ್ಜಾಟ ನಿಲ್ಲಿಸಿ, ರಾತ್ರಿ ವ್ಯಾಸಲೀನ್ ಹಚ್ಚಿ. ಬಿರುಕು ಬಿಟ್ಟ ಚರ್ಮದೊಳಗೆ ರೋಗಾಣು ಸುಲಭವಾಗಿ ಸೇರುತ್ತದೆ. ಶುಚಿಗೆಂದು ಮಾಡಿದ್ದೇ ಸೋಂಕಿಗೆ ದಾರಿ ಮಾಡಿಕೊಡುತ್ತದೆ.

ಇಷ್ಟರಿಂದ ಆಗದಿದ್ದರೆ ಮನೋವೈದ್ಯರ ಬಳಿಗೆ ಹೋಗಲು ಹಿಂಜರಿಯಬೇಡಿ. ಮದುವೆಗೆ ಬಂದ ಹುಡುಗಿ, ಜನ ಏನೆನ್ನುತ್ತಾರೋ ಎಂದು ವರ್ಷಗಟ್ಟಲೆ ಮುಚ್ಚಿಟ್ಟರೆ ಕಾಯಿಲೆ ಬೇರೂರುತ್ತದೆ. ಸಂಶಯವನ್ನು ಎದುರಿಸಿಯೂ ತೊಳೆಯದಿರುವ ಅಭ್ಯಾಸವನ್ನು ಅಲ್ಲಿ ಹಂತಹಂತವಾಗಿ ಮಾಡಿಸುತ್ತಾರೆ. ಅಗತ್ಯವಿದ್ದರೆ ಮಾತ್ರೆಯನ್ನೂ ಕೊಡುತ್ತಾರೆ. ಈ ಮಾತ್ರೆ ನಿದ್ದೆಗುಳಿಗೆಯಲ್ಲ, ಚಟವಾಗುವುದಿಲ್ಲ. ಗುಣ ಕಾಣಲು ಎರಡು ಮೂರು ತಿಂಗಳು ಬೇಕಾಗಬಹುದು, ನಡುವೆ ನೀವಾಗಿ ನಿಲ್ಲಿಸಬೇಡಿ. ರಮಝಾನ್ ಹತ್ತಿರವಾದರೆ ವೈದ್ಯರಿಗೆ ಮೊದಲೇ ತಿಳಿಸಿ, ಸಾಧ್ಯವಿದ್ದಲ್ಲಿ ಇಫ್ತಾರ್ ನಂತರಕ್ಕೆ ಹೊಂದಿಸಿಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ದೂರ ಹೋಗಲಾಗದವರು 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್‌ಗೆ, 14416 ಸಂಖ್ಯೆಗೆ, ಕರೆ ಮಾಡಬಹುದು. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ಶುಲ್ಕವಿಲ್ಲ.

ಇನ್ನೊಂದು ವಿಷಯ. ವುಝೂವಿನ ಮಸ್‌ಅಲ ಉಸ್ತಾದರಲ್ಲಿ ಕೇಳುವುದಾದರೆ ಒಬ್ಬರನ್ನು ಆರಿಸಿ, ನಿಮಗಿರುವ ತೊಂದರೆಯನ್ನೂ ಹೇಳಿ ಒಮ್ಮೆ ಕೇಳಿ. ಅವರ ಉತ್ತರವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅದೇ ಪ್ರಶ್ನೆಯನ್ನು ಇನ್ನೊಬ್ಬ ಉಸ್ತಾದರಿಗೆ ವಾಟ್ಸ್‌ಆ್ಯಪ್ ಮಾಡಬೇಕೆನಿಸಿದರೆ ಅದೂ ವಸ್‌ವಾಸೇ. ಫೋನ್ ಕೆಳಗಿಟ್ಟು ನಮಾಝ್‌ಗೆ ನಿಲ್ಲಿ.