ಫೋಟೊ ಮನೆಯದ್ದು, ಬೀಗ ಒಬ್ಬರದ್ದು

ರಾಜಾಜಿನಗರದ ಹಳೆಯ ಬ್ಲಾಕುಗಳಲ್ಲಿ ಮುಂದೆ ಒಂದಿಷ್ಟು ಅಂಗಳ, ಒಂದು ತೆಂಗಿನ ಮರ ಇರುವ ಒಂದಂತಸ್ತಿನ ಮನೆ ಈಗ ಅಪರೂಪ. ಕೆಡವಿ ನಾಲ್ಕಂತಸ್ತು ಎಬ್ಬಿಸುವಾಗ ರೆಡ್‌ಆಕ್ಸೈಡ್ ನೆಲ, ಕಡಪ ಕಲ್ಲಿನ ಅಡುಗೆಕಟ್ಟೆ, ಹಬ್ಬಕ್ಕೆ ಎಲ್ಲರೂ ಸಾಲಾಗಿ ಊಟಕ್ಕೆ ಕೂರುತ್ತಿದ್ದ ಹಜಾರ ಎಲ್ಲವೂ ಲಾರಿ ಹತ್ತಿ ಹೋಗುತ್ತವೆ. ಆಮೇಲೆ ಆ ಮನೆ ಇರುವುದು ಫೋಟೊಗಳಲ್ಲಿ ಮಾತ್ರ. ವಿಜಯನಗರ, ಬಸವೇಶ್ವರನಗರದ ಕಥೆಯೂ ಇದೇ. ಅಜ್ಜಿ ತಾತನ ಕಾಲದ ಫೋಟೊ ಕೇಳಿದರೆ ಬೀರುವಿನಿಂದ ಆಲ್ಬಂ ಹೊರಬರುತ್ತದೆ. ಹತ್ತು ಹದಿನೈದು ವರ್ಷದ ಹಿಂದಿನದು ಕೇಳಿದರೆ ಬರುವ ಉತ್ತರವೇ ಬೇರೆ: ‘ಯಾವುದೋ ಹಳೇ ಫೋನಲ್ಲಿತ್ತು’, ‘ಅಣ್ಣನ ಲ್ಯಾಪ್‌ಟಾಪಲ್ಲಿ ಇರಬೇಕು’.

ಬೀರುವಿನ ಕೀಲಿ ಎಲ್ಲಿರುತ್ತದೆ ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಇಂದಿನ ಫೋಟೊ ಇರುವುದು ಒಬ್ಬರ ಫೋನಿನಲ್ಲಿ, ಒಬ್ಬರ ಬೆರಳಚ್ಚಿನ ಹಿಂದೆ, ಒಬ್ಬರ ಜಿಮೇಲ್ ಖಾತೆಯೊಳಗೆ. ಡಿಸ್ಕ್ ಕೆಡುವುದಕ್ಕಿಂತ, ಫೋನ್ ಕಳೆಯುವುದಕ್ಕಿಂತ ದೊಡ್ಡ ಅಪಾಯ ನನಗೆ ಕಾಣುವುದು ಇದೇ. ಇಡೀ ಮನೆಗೆ ಸೇರಿದ್ದು ಒಬ್ಬರ ಹೆಸರಿಗೆ ಬಿದ್ದಿದೆ.

ಆ ಒಬ್ಬರು ತೀರಿಕೊಂಡರೆ ಏನಾಗುತ್ತದೆ ನೋಡಿ. ಹದಿಮೂರು ದಿನದ ಕಾರ್ಯ ಮುಗಿಯುವವರೆಗೆ ಯಾರಿಗೂ ಫೋನಿನ ಯೋಚನೆ ಇರುವುದಿಲ್ಲ. ಪ್ರಿಪೇಯ್ಡ್ ನಂಬರಾದರೆ, ಮೂರು ತಿಂಗಳು ಬಳಕೆಯಿಲ್ಲದೆ, ರೀಚಾರ್ಜೂ ಇಲ್ಲದೆ ಬಿದ್ದಿದ್ದರೆ ಕಡಿತವಾಗಬಹುದು. ಮುಂದೆ ಅದೇ ನಂಬರ್ ಬೇರೆಯವರ ಪಾಲಾಗುತ್ತದೆ. ಪಾಸ್‌ವರ್ಡ್ ಮರೆತವರಿಗೆ ಬರಬೇಕಾದ ಒಟಿಪಿ ಆಗ ಯಾರದೋ ಕೈಗೆ ಹೋಗುತ್ತದೆ. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರ ಮೇನಲ್ಲಿ ಹೇಳಿತು, ಆ ವರ್ಷದ ಡಿಸೆಂಬರ್‌ನಿಂದ ಜಾರಿಗೂ ತಂದಿತು. ಅಳಿಸಿದ ಖಾತೆಯ ಜೊತೆ ಫೋಟೊಗಳೂ ಹೋದಂತೆ.

ಇದಕ್ಕೆ ಮದ್ದು ಅದೇ ಗೂಗಲ್ ಖಾತೆಯಲ್ಲಿದೆ, ಹೆಚ್ಚಿನವರು ಅತ್ತ ನೋಡಿಲ್ಲ ಅಷ್ಟೆ. ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬಲ್ಲಿಗೆ ಹೋಗಿ, ಖಾತೆ 3, 6, 12 ಅಥವಾ 18 ತಿಂಗಳು ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಯಾವುದನ್ನು ಇಳಿಸಿಕೊಳ್ಳಲು ಬಿಡಬೇಕು ಎಂದು ಗುರುತು ಹಾಕಬಹುದು. ಹತ್ತು ಜನರವರೆಗೆ ಹೆಸರಿಸಲು ಅವಕಾಶವಿದೆ. ಐಫೋನ್‌ನಲ್ಲಿ 2021ರ ಡಿಸೆಂಬರ್‌ನಿಂದ ‘ಲೆಗಸಿ ಕಾಂಟ್ಯಾಕ್ಟ್’ ಇದೆ. ಹೆಸರಿಸಿದವರ ಬಳಿ ಒಂದು ಕೀ ಇರಬೇಕು, ಮರಣ ಪ್ರಮಾಣಪತ್ರ ಕೊಡಬೇಕು. ಬ್ಯಾಂಕಿನ ನಾಮಿನಿ ಅರ್ಜಿ ತುಂಬಿಸುವಷ್ಟೇ ಅಕ್ಕರೆಯಿಂದ ಇದನ್ನು ಅಪ್ಪ ಅಮ್ಮನ ಪಕ್ಕ ಕೂತು ತುಂಬಿಸಿ. ಅಶುಭದ ಮಾತು ಎಂದು ಮುಂದೂಡಬೇಡಿ.

ಕ್ಲೌಡ್ ವಿಷಯದಲ್ಲಿ ಇನ್ನೆರಡು ತಪ್ಪು ತಿಳಿವಳಿಕೆ ಇವೆ. 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ ಜಾಗಕ್ಕೆ ಮಿತಿ ಇರಲಿಲ್ಲ. 2021ರ ಜೂನ್ 1ರಿಂದ ಹೊಸ ಫೋಟೊಗಳೂ 15 ಜಿಬಿ ಲೆಕ್ಕಕ್ಕೆ ಸೇರಿದವು; ಅದರಲ್ಲೇ ಮೇಲ್ ಕೂಡ ಬರಬೇಕು. ಅದು ತುಂಬಿದ ದಿನ ಬ್ಯಾಕಪ್ ನಿಲ್ಲುತ್ತದೆ. ಫೋನ್ ಎಚ್ಚರಿಕೆ ಕೊಡುತ್ತದೆ, ನಾವು ಬೆರಳಲ್ಲಿ ಪಕ್ಕಕ್ಕೆ ಸರಿಸಿಬಿಡುತ್ತೇವೆ. ಎರಡನೆಯದು, ಗೂಗಲ್ ಫೋಟೋಸ್‌ನಲ್ಲಿ ಜಾಗ ಮಾಡಿಕೊಳ್ಳಲು ಒಂದು ಚಿತ್ರ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಯುತ್ತದೆ. ಬ್ಯಾಕಪ್ ಆಗಿದ್ದ ಫೋಟೊ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲಿಲ್ಲ. ಆದ್ದರಿಂದ ಕ್ಲೌಡ್ ಒಂದು ಪ್ರತಿ ಮಾತ್ರ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಹೆಸರಾಗಿಸಿದ ಲೆಕ್ಕವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕೊನೆಯದು ನಮ್ಮ ಕಡೆಯವರಿಗೆ ಬಹಳ ಸಲೀಸು. ಅಕ್ಕ ರಾಜಾಜಿನಗರದಲ್ಲಿ, ತಮ್ಮ ಕೆಂಗೇರಿ ಉಪನಗರದಲ್ಲಿ ಇರುವಂಥ ಸಂಸಾರಗಳೇ ಹೆಚ್ಚು. ಕ್ಲೌಡ್ ಪ್ರತಿಯ ಜೊತೆಗೆ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡು ಎರಡಕ್ಕೂ ಎಲ್ಲವನ್ನೂ ತುಂಬಿ, ಒಂದು ಇಲ್ಲಿ, ಒಂದು ಅಲ್ಲಿ ಇಡಿ. ಯುಗಾದಿಗೋ ಗೌರಿ ಹಬ್ಬಕ್ಕೋ ಹೋಗುವಾಗ ಹೊಸ ಫೋಟೊ ಸೇರಿಸಿ ಅದಲುಬದಲು ಮಾಡಿಕೊಳ್ಳಿ. 2021ರ ಆಗಸ್ಟ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಕೆಂಗೇರಿ ಮುಟ್ಟಿದ ಮೇಲೆ ಮೆಜೆಸ್ಟಿಕ್‌ನಲ್ಲಿ ಒಂದು ಸಲ ರೈಲು ಬದಲಿಸಿದರೆ ಆಯಿತು. ಎರಡೂ ಒಂದೇ ಮನೆಯಲ್ಲಿದ್ದರೆ ಬರುವ ಕಷ್ಟವನ್ನು ಈ ಭಾಗದವರಿಗೆ ಹೇಳಬೇಕಿಲ್ಲ. 2017ರ ಅಕ್ಟೋಬರ್ ಮಳೆಯಲ್ಲಿ ಕುರುಬರಹಳ್ಳಿಯ ರಾಜಕಾಲುವೆ ಜೀವಗಳನ್ನೇ ಕೊಚ್ಚಿಕೊಂಡು ಹೋಯಿತು. ತಗ್ಗಿನ ಮನೆಯವರು ಡಿಸ್ಕನ್ನು ನೆಲಮಾಳಿಗೆಯಲ್ಲಾಗಲಿ, ಬೀರುವಿನ ಕೆಳಗಿನ ಅರೆಯಲ್ಲಾಗಲಿ ಇಡಬಾರದು. ಪೆನ್‌ಡ್ರೈವ್ ಸಾಗಿಸಲಿಕ್ಕೆ ಸರಿ, ವರ್ಷಗಟ್ಟಲೆ ಕೂಡಿಡಲಿಕ್ಕಲ್ಲ. ವಿದ್ಯುತ್ ತಾಗದೆ ಬಿದ್ದಿದ್ದರೆ ಅದರೊಳಗಿನ ವಿದ್ಯುದಂಶ ಮೆಲ್ಲನೆ ಸೋರುತ್ತದೆ.

ಇನ್ನು ಫ್ಯಾಮಿಲಿ ಗ್ರೂಪು. ಅಲ್ಲಿ ಹಾಕಿದ್ದೇವಲ್ಲ, ಎಲ್ಲರ ಬಳಿಯೂ ಇದೆ ಎಂಬ ನೆಮ್ಮದಿ ಬಹಳ ಮನೆಗಳಲ್ಲಿದೆ. ಒಂದು ಫೈಲ್ ತೆರೆದು ನೋಡೋಣ. ಅದರ ಹೆಸರು ‘ಐಎಂಜಿ-20190902-ಡಬ್ಲ್ಯುಎ0014’. ಡಬ್ಲ್ಯುಎ ಎಂದರೆ ವಾಟ್ಸ್‌ಆ್ಯಪ್, ನಡುವಿನದು ತಾರೀಕು: 2019ರ ಸೆಪ್ಟೆಂಬರ್ 2, ಗಣೇಶನ ಹಬ್ಬ. ಆದರೆ ಅದು ಗ್ರೂಪಿಗೆ ಬಂದ ದಿನ, ತೆಗೆದ ದಿನವಲ್ಲ. ಯಾರೋ ಹಬ್ಬದ ಖುಷಿಯಲ್ಲಿ 1970ರ ದಶಕದ ಆಲ್ಬಂ ಪುಟವನ್ನು ಮೊಬೈಲಲ್ಲಿ ತೆಗೆದು ಕಳಿಸಿದ್ದರೆ, ತಾತನ ಮದುವೆಯೂ 2019ರ ಲೆಕ್ಕಕ್ಕೆ ಹೋಗುತ್ತದೆ. ಯಾವ ಕ್ಯಾಮೆರಾ, ಯಾವ ಹೊತ್ತು, ಯಾವ ಜಾಗ ಎಂದು ಚಿತ್ರದೊಳಗೆ ಅಡಗಿದ್ದ ವಿವರವೂ ಅಳಿಸಿರುತ್ತದೆ. 4000 ಪಿಕ್ಸೆಲ್ ಉದ್ದದ ಫೋಟೊ ಸಾಮಾನ್ಯವಾಗಿ 1600ಕ್ಕೆ ಇಳಿಯುತ್ತದೆ. ಅಗಲವೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ಒಟ್ಟು ಪಿಕ್ಸೆಲ್‌ಗಳಲ್ಲಿ ಆರನೇ ಒಂದು ಭಾಗಕ್ಕಿಂತ ಕಡಿಮೆ ಉಳಿಯುತ್ತದೆ. ಗುಂಪಿನ ಹಿಂದಿನ ಸಾಲಿನಲ್ಲಿ ನಿಂತ ಸೋದರತ್ತೆಯ ಮುಖ ದೊಡ್ಡದು ಮಾಡಲು ಹೋದಾಗ ಈ ನಷ್ಟ ಕಾಣುತ್ತದೆ. ಅದೇ ಫೋಟೊವನ್ನು ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲ ಹಾಗೇ ಹೋಗುತ್ತದೆ. ಇಷ್ಟನ್ನು ಗ್ರೂಪಿನವರಿಗೆಲ್ಲ ಹೇಳಿಕೊಟ್ಟರೆ ದೊಡ್ಡ ಉಪಕಾರ.

ಹೆಸರು ಬರೆಯುವ ಕೆಲಸ ಇದಕ್ಕಿಂತ ತುರ್ತಿನದು. ಹಿಂದೆ ಫೋಟೊದ ಬೆನ್ನಿಗೆ ಪೆನ್ನಿನಲ್ಲಿ ಬರೆಯುತ್ತಿದ್ದರು. ಗೂಗಲ್ ಫೋಟೋಸ್‌ನಲ್ಲಿ ಮುಖಗಳಿಗೆ ಕೊಟ್ಟ ಹೆಸರು ಫೋಟೊ ಫೈಲಿನೊಳಗೆ ಹೋಗುವುದಿಲ್ಲ. ಫೋಲ್ಡರಿಗೇ ‘2009-08-23 ಗಣೇಶನ ಹಬ್ಬ ಬಸವೇಶ್ವರನಗರ’ ಎಂದು ಕನ್ನಡದಲ್ಲಿ ಹೆಸರಿಡಿ, ಒಳಗೊಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಎಡದಿಂದ ಬಲಕ್ಕೆ ಯಾರು ಯಾರು ಎಂದು ಬರೆದಿಡಿ. ಯೂನಿಕೋಡ್‌ನಲ್ಲೇ ಬರೆಯಿರಿ. ಹಿಂದೆ ನುಡಿಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಟ್ಟವರು ಅದನ್ನು ಈಗಲೇ ಪರಿವರ್ತಿಸಿಕೊಳ್ಳಬೇಕು, ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಾಗದ ಗೀಟುಗಳಾಗುತ್ತದೆ. ದೊಡ್ಡಮ್ಮ, ಚಿಕ್ಕತಾತ ಇನ್ನೂ ಗುರುತು ಹಿಡಿಯಬಲ್ಲವರಾಗಿದ್ದರೆ ಟೀವಿಗೆ ಫೋಟೊ ಹಾಕಿ ಅವರನ್ನು ಮಾತಾಡಿಸಿ, ಫೋನಿನಲ್ಲಿ ಧ್ವನಿ ಹಿಡಿದುಕೊಳ್ಳಿ.

ಪ್ರತಿ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ಕಣ್ಣಮುಂದಿದೆ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಇಡೀ ನಾಡು ಹೆಮ್ಮೆಪಟ್ಟ ಆ ಚಿತ್ರದ ಒಂದೇ ಒಂದು ಪ್ರತಿ ಇಂದು ಉಳಿದಿಲ್ಲ. ನೂರಾರು ಜನ ಕಂಡದ್ದೇ ಹೀಗೆ ಕೈತಪ್ಪಿದಾಗ, ಒಂದು ಮನೆಯವರು ಮಾತ್ರ ಕಾಯಬೇಕಾದ ಚಿತ್ರಗಳ ಬಗ್ಗೆ ಇನ್ನೆಷ್ಟು ಎಚ್ಚರ ಬೇಕು!

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನನ್ನ ಉತ್ತರ: ಮದುವೆ, ಗೃಹಪ್ರವೇಶದ ಸಿಡಿ, ಡಿವಿಡಿಗಳಿಂದ. ಮನೆಯಲ್ಲಿ ಬರೆಯುವ ಆ ತಟ್ಟೆಗಳ ಬಣ್ಣದ ಪದರ ಬಿಸಿಲಿಗೆ, ತೇವಕ್ಕೆ ಕೆಡುತ್ತದೆ, ಅದನ್ನು ಓದುವ ಡ್ರೈವ್ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಒಂದು ಕೊಂಡರೆ ನೆಂಟರೆಲ್ಲ ಸರದಿಯ ಮೇಲೆ ಬಳಸಬಹುದು. ಆಮೇಲೆ ಡ್ರಾಯರಿನಲ್ಲಿರುವ ಹಳೆಯ ಫೋನುಗಳ ಮೆಮೊರಿ ಕಾರ್ಡು, ಆಮೇಲೆ ಕೆಟ್ಟುನಿಂತ ಲ್ಯಾಪ್‌ಟಾಪಿನ ಡಿಸ್ಕು. ದಿನಾ ಕೈಯಲ್ಲಿರುವ ಫೋನಿನದು ಕೊನೆಗಾದರೂ ನಡೆಯುತ್ತದೆ.